ತಂತ್ರಾಂಶದ ಜೀರ್ಣೋದ್ಧಾರ: ಗಿಂಪ್ ಉಪಕರಣಗಳ ಪಾಲನೆಯನ್ನು ಕುರಿತ ಒಂದು ವಿಮರ್ಶೆ

ಕೃತಿಯನ್ನು ನಿರ್ಮಿಸಿದವರ ಹೆಸರನ್ನು ಚರಿತ್ರೆ ಬರೆಯುವವರು ತಪ್ಪದೆ ನಮೂದಿಸುತ್ತಾರೆ. ಅದನ್ನು ಕಾಪಾಡಿದವರ ಹೆಸರು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ತಂತ್ರಾಂಶಗಳ ಚರಿತ್ರೆಯೂ ಈ ದೋಷಕ್ಕೆ ಹೊರತಲ್ಲ. ಗಿಂಪ್ ಎಂಬ ಚಿತ್ರಸಂಸ್ಕರಣ ತಂತ್ರಾಂಶವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಗಿಂಪನ್ನು 1995ರಲ್ಲಿ ಆರಂಭಿಸಿದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. ಮೂಲವನ್ನು ತಿದ್ದದೆಯೇ ಅನ್ಯರು ಹೊಸ ಸೌಕರ್ಯಗಳನ್ನು ಕೂಡಿಸಲು ಅದರಲ್ಲಿ ಪ್ಲಗಿನ್‌ಗಳಿಗೆ ಅವಕಾಶವಿತ್ತು. ತೆರೆಯ ಮೇಲಿನ ಗುಂಡಿ, ಪಟ್ಟಿಗಳನ್ನು ರಚಿಸಲು ಮೊದಲು ಅವಲಂಬಿಸಿದ್ದ ಮೋಟಿಫ್ ಮುಕ್ತ ತಂತ್ರಾಂಶವಾಗಿರಲಿಲ್ಲವಾದ್ದರಿಂದ, ಅದಕ್ಕೆ ಪ್ರತಿಯಾಗಿ ಜಿಟಿಕೆ ಎಂಬ ಉಪಕರಣಸಂಗ್ರಹವನ್ನು ಅವರೇ ರಚಿಸಿದರು. ವ್ಯಾಸಂಗ ಮುಗಿದ ಬಳಿಕ ಸ್ಥಾಪಕರಿಬ್ಬರೂ ತೆರಳಿದರು. ಭಾರವು ಸ್ವಯಂಸೇವಕರ ಪಾಲಿಗೆ ಬಂದಿತು.

ಜಿಟಿಕೆಯ ಮೂರನೆಯ ಪೀಳಿಗೆ 2011ರಲ್ಲಿಯೇ ಪ್ರಕಟವಾಯಿತು. ಆದರೆ ಅದನ್ನು ಅಳವಡಿಸಿಕೊಂಡ ಗಿಂಪ್ 3.0 ಹೊರಬಂದುದು 2025ರ ಮಾರ್ಚ್ ತಿಂಗಳಲ್ಲಿ. ಈ ಮಧ್ಯೆ, ಅನೇಕ ಪ್ಲಗಿನ್‌ಗಳಿಗೆ ಆಧಾರವಾಗಿದ್ದ ಪೈಥಾನ್ 2 ಭಾಷೆಯ ಅಧಿಕೃತ ಪೋಷಣೆಯು 2020ರ ಆರಂಭದಲ್ಲಿಯೇ ನಿಂತಿತ್ತು. ಹದಿನಾಲ್ಕು ವರ್ಷಗಳ ಈ ವಿಳಂಬವು ಸ್ವಯಂಸೇವಕರ ಆಲಸ್ಯಕ್ಕೆ ಸಾಕ್ಷಿಯೆಂದು ಆಕ್ಷೇಪಿಸುವವರುಂಟು.

ಈ ಆಕ್ಷೇಪವನ್ನು ನಾವು ಒಪ್ಪಲಾರೆವು. ಇದೇ ಅವಧಿಯಲ್ಲಿ, 2012ರಲ್ಲಿ 2.8 ಮತ್ತು 2018ರಲ್ಲಿ 2.10 ಆವೃತ್ತಿಗಳು ಬಂದವು, ಚಿತ್ರಗಣನೆಯ ಅಂತರಂಗವನ್ನೇ ಗೆಗಲ್ ಎಂಬ ಹೊಸ ತಳಹದಿಯ ಮೇಲೆ ನಿಲ್ಲಿಸಲಾಯಿತು, ಹಳೆಯ 2.10ರ ಸರಣಿಗೆ 2024ರವರೆಗೂ ತಿದ್ದುಪಡಿಗಳು ನಡೆದವು. ವಾಸವಿರುವ ಮನೆಯ ಅಡಿಪಾಯವನ್ನು ಬದಲಿಸುವವನು ಒಳಗಿನವರನ್ನು ಬೀದಿಗೆ ಹಾಕುವಂತಿಲ್ಲ. ಆದಕಾರಣ ಈ ವಿಳಂಬವನ್ನು ಶ್ರಮದ ಅಭಾವವೆನ್ನುವುದಕ್ಕಿಂತ, ಶ್ರಮವು ಕೆಲವರಲ್ಲಿಯೇ ನೆಲೆಗೊಂಡುದರ ಫಲವೆನ್ನುವುದು ಹೆಚ್ಚು ಯುಕ್ತ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 2.10ಕ್ಕಾಗಿ ಬರೆದ ಪ್ಲಗಿನ್‌ಗಳು ತಿದ್ದದೆ 3.0ರಲ್ಲಿ ನಡೆಯವು. ಕರ್ತೃವು ಕೈಬಿಟ್ಟ ಪ್ಲಗಿನ್ನನ್ನು ತಿದ್ದುವವರಾರು? ಗಿಂಪಿನ ಮುಕ್ತ ಪರವಾನಗಿಯ ಮೇರೆಗೆ ಮೂಲವನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ವಾಡಿಕೆಯ ಉತ್ತರ. ಈ ಉತ್ತರ ಸಾಲದೆಂದು ನಮ್ಮ ಅಭಿಪ್ರಾಯ. ದುರಸ್ತಿಗೆ ಅನುಮತಿಯಿರುವುದು ಬೇರೆ, ದುರಸ್ತಿ ಮಾಡುವವನಿರುವುದು ಬೇರೆ. ನಮ್ಮ ಶಾಸನಗಳ ದಾತೃಗಳು ಈ ಭೇದವನ್ನು ಬಲ್ಲವರಾಗಿದ್ದರು; ದೇಗುಲವನ್ನು ಕಟ್ಟಿಸುವುದರಲ್ಲಿಯೇ ತೃಪ್ತರಾಗದೆ ಅದರ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಭೂಮಿಯನ್ನು ಬಿಡುತ್ತಿದ್ದರು. ತಂತ್ರಾಂಶದ ವಿಷಯದಲ್ಲಿ ಪರವಾನಗಿಯುಂಟು, ದತ್ತಿಯಿಲ್ಲ.

ಇನ್ನು ಇತಿಹಾಸಕಾರರ ಮಾತು. ಸ್ವಯಂಸೇವಕರ ಹೆಸರುಗಳು ನಷ್ಟವಾಗಿಲ್ಲ. ಗಿಂಪಿನ ಮೂಲಸಂಗ್ರಹದಲ್ಲಿ ತಿದ್ದುಪಡಿಗಳು ಕರ್ತೃವಿನ ಹೆಸರು ಮತ್ತು ದಿನಾಂಕಗಳೊಡನೆ ದಾಖಲಾಗಿವೆ. ಇಷ್ಟು ವಿವರವಾದ ಆಕರವು ಯಾವ ಮಧ್ಯಯುಗದ ಶಿಲ್ಪಿಸಮೂಹದ ವಿಷಯದಲ್ಲಿಯೂ ನಮಗೆ ದೊರೆತಿಲ್ಲ. ಹೀಗಿದ್ದೂ ಸ್ಥಾಪಕರ ಕಥೆಯನ್ನೇ ಪುನರುಚ್ಚರಿಸುವ ಚರಿತ್ರೆಯು ಆಕರವನ್ನು ಮುಂದಿಟ್ಟುಕೊಂಡು ಓದದ ಚರಿತ್ರೆಯೇ ಸರಿ. ಆ ದಾಖಲೆಗಳನ್ನು ಓದುವುದು ಇತಿಹಾಸಕಾರರ ಹೊಣೆ. ಇಂಥ ಉಪಕರಣಗಳನ್ನು ಉಚಿತವಾಗಿ ಬಳಸುವ ಸಂಸ್ಥೆಗಳು ಅವುಗಳ ಪಾಲನೆಗೆ ತಮ್ಮ ಸಿಬ್ಬಂದಿಯ ಕಾಲದಲ್ಲಿ ಒಂದು ಪಾಲನ್ನು ಮೀಸಲಿಡುವುದು ನ್ಯಾಯ.