ಚದುರಿದ ಕಾಳು, ಕೂಡಿದ ರೊಟ್ಟಿ

ಸಿರುಗುಪ್ಪದ ಭತ್ತದ ಬಯಲು, ಕುರುಗೋಡಿನ ಬಂಡೆಗುಡ್ಡ - ಎರಡನ್ನೂ ಬಲ್ಲ ನಮಗೆ ಬೆಟ್ಟದ ಮೇಲೆ ಬೆಳೆದ ಅನ್ನದ ಚಿತ್ರ ತುಸು ಅಪರಿಚಿತ. ಆದಿ ಕ್ರೈಸ್ತರ ಒಂದು ಪ್ರಾರ್ಥನೆ ನಿಂತಿರುವುದೇ ಆ ಚಿತ್ರದ ಮೇಲೆ. ಬೆಟ್ಟಗಳಲ್ಲಿ ಚದುರಿದ್ದು ಕೂಡಿ ಒಂದು ರೊಟ್ಟಿಯಾದಂತೆ, ದಿಕ್ಕುದಿಕ್ಕಿನ ಭಕ್ತರೂ ಒಂದಾಗಲಿ ಎಂಬುದು ಅದರ ಬೇಡಿಕೆ.

ಈ ಪ್ರಾರ್ಥನೆ ಇರುವುದು 'ದಿದಖೆ' ಎಂಬ ಗ್ರೀಕ್ ಕೈಪಿಡಿಯಲ್ಲಿ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇದರ ಹಸ್ತಪ್ರತಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಇಲ್ಲಿ ದೇವರಿಗೆ ರೂಪವಿಲ್ಲ. ಅವನು ತಂದೆ, ಸರ್ವಶಕ್ತ ಒಡೆಯ. ಅವನ ಹೆಸರು ಮನುಷ್ಯರ ಹೃದಯದಲ್ಲಿ ಬಿಡಾರ ಹೂಡುತ್ತದೆ. ಮೊದಲು ಕೃತಜ್ಞತೆ, ಆಮೇಲೆ ಬೇಡಿಕೆ. ಉಂಡ ಮೇಲೆ 'ಅಲ್‌ಹಮ್ದುಲಿಲ್ಲಾಹ್' ಎನ್ನುವ ಮನೆಗಳಿಗೆ ಈ ಕ್ರಮ ಹೊಸದೇನಲ್ಲ.

ಪ್ರಾರ್ಥನೆಯಲ್ಲಿ ಯೇಸುವಿಗೆ ಬಳಸಿದ 'ಪೈಸ್' ಎಂಬ ಗ್ರೀಕ್ ಪದಕ್ಕೆ ಸೇವಕ, ಮಗು ಎಂಬ ಎರಡೂ ಅರ್ಥಗಳಿವೆ. ದಾವೀದನಿಗೂ ಅದೇ ಪದ. ಈಸಾರನ್ನು 'ಅಲ್ಲಾಹನ ದಾಸ' ಎನ್ನುವ ಕುರ್‌ಆನ್ ಓದುಗರಿಗೆ ಇದನ್ನು ಕಂಡು ಸಂತೋಷವಾಗಬಹುದು. ಆದರೆ ನಾವು ಆತುರಪಡಬಾರದು. ಅದೇ ಕೈಪಿಡಿ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಲು ಹೇಳುತ್ತದೆ. ಬೇರೆಯವರ ಪ್ರಾರ್ಥನೆಯಿಂದ ನಮಗೆ ಬೇಕಾದ ಒಂದು ಪದವನ್ನು ಕಿತ್ತುಕೊಳ್ಳುವುದು ಓದಲ್ಲ.

ಈ ಎಚ್ಚರದ ಮಾತು ಬಳ್ಳಾರಿಗೂ ಸಲ್ಲುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾದದ್ದು ಈ ಊರಿನಲ್ಲೇ. ಗ್ರೀಕಿನ 'ಯೂಖರಿಸ್ತಿಯ' ಎಂದರೆ ಕೃತಜ್ಞತೆ. ಇಂದು ಓದುವ ಕನ್ನಡ ಬೈಬಲಿನಲ್ಲಿ ಯೇಸು ರೊಟ್ಟಿ ಹಿಡಿದು 'ಸ್ತೋತ್ರ' ಮಾಡುತ್ತಾರೆ. ಸ್ತೋತ್ರವೆಂದರೆ ಹೊಗಳಿಕೆ, ಪಡೆದುಕೊಂಡವನ ಅಳುಕು ಅದರಲ್ಲಿ ಕಡಿಮೆ. ನಮ್ಮ ಜನರ ಬಾಯಲ್ಲಿರುವ 'ಅನ್ನದ ಋಣ' ಆ ಭಾವಕ್ಕೆ ಹೆಚ್ಚು ಹತ್ತಿರ. ಹೊಗಳಿ ಎದ್ದುಹೋಗಬಹುದು, ಋಣವನ್ನು ಹಾಗೆ ಬಿಟ್ಟು ಏಳಲಾಗದು.

ಒಂದು ತಕರಾರು ಉಳಿಯುತ್ತದೆ. ಅನ್ನಪಾನವನ್ನು ಎಲ್ಲ ಮನುಷ್ಯರಿಗೂ ಕೊಟ್ಟವನು ದೇವರೆಂದು ಈ ಪ್ರಾರ್ಥನೆ ಒಪ್ಪುತ್ತದೆ. ಆದರೆ ದೀಕ್ಷೆ ಪಡೆಯದವರು ಆ ಪಂಕ್ತಿಯಲ್ಲಿ ಉಣ್ಣುವಂತಿಲ್ಲ. ಆರಾಧನೆಗೆ ಗಡಿ ಇರುವುದು ಸಹಜ, ನಮ್ಮಲ್ಲೂ ಇದೆ. ಆ ಗಡಿ ಅಡುಗೆಮನೆಗೂ, ನೆರೆಮನೆಗೂ ಬಂದರೆ ಕೃತಜ್ಞತೆ ಬರೀ ಬಾಯಿಮಾತು. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡಿದ ಕೈಗಳ ಮತ ಯಾವುದೆಂದು ತಟ್ಟೆಯ ಅನ್ನ ನಮಗೆ ಹೇಳುವುದಿಲ್ಲ. ಋಣ ಮಾತ್ರ ಎಲ್ಲರ ಮೇಲೂ ಇದೆ.