ಜಯದೇವದ ಸಂಶೋಧನೆ: ಬಂಡಳ್ಳಿಯಿಂದ ನೋಡಿದಾಗ

ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ಎದೆನೋವೆಂದವರನ್ನು ದೊಡ್ಡಾಸ್ಪತ್ರೆಗೆ ಒಯ್ಯುವ ಮಾತು ಬಂದರೆ ಮೊದಲು ಬಾಯಿಗೆ ಬರುವುದು ಮೈಸೂರಿನ ಜಯದೇವ. ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬ ನೀತಿಯಿಂದ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರ ಕಾಲದಲ್ಲಿ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಗಳಿಸಿದ ನಂಬಿಕೆ ಅಂಥದ್ದು. ಆ ಚಿಕಿತ್ಸೆಯ ಬಗ್ಗೆ ನನಗೆ ತಕರಾರಿಲ್ಲ. ಸಂಸ್ಥೆಯ ಹೆಸರಿನಲ್ಲೇ ಇರುವ ಸಂಶೋಧನೆಯ ಬಗ್ಗೆ ಮಾತ್ರ ಕೆಲವು ಮಾತು ಹೇಳಬೇಕಿದೆ.

2017ರಲ್ಲಿ ಡಾ. ರಾಹುಲ್ ಪಾಟೀಲ್ ನೇತೃತ್ವದಲ್ಲಿ ಈ ಸಂಸ್ಥೆಯಲ್ಲಿ ಒಂದು ಮಹತ್ವದ ಕೆಲಸ ಆರಂಭವಾಯಿತು. ನಲವತ್ತು ದಾಟುವ ಮೊದಲೇ ಹೃದಯಾಘಾತಕ್ಕೆ ಒಳಗಾದವರ ವಯಸ್ಸು, ಉದ್ಯೋಗ, ಚಟ, ಮನೆತನದ ಕಾಯಿಲೆಯ ಚರಿತ್ರೆ, ರಕ್ತನಾಳದ ಸ್ಥಿತಿ ಎಲ್ಲವನ್ನೂ ದಾಖಲಿಸುವ ಕೆಲಸ ಅದು. ಸಿಕ್ಕಿದ್ದು ಕಣ್ಣು ತೆರೆಸುವ ಚಿತ್ರ. ಧೂಮಪಾನ ಎದ್ದು ಕಾಣುವ ಕಾರಣ. ಆದರೆ ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದವರೂ ಆ ಪಟ್ಟಿಯಲ್ಲಿ ಇದ್ದಾರೆ. ಹೃದ್ರೋಗ ಎಂದರೆ ಪೇಟೆಯ, ಉಳ್ಳವರ, ವಯಸ್ಸಾದವರ ಕಾಯಿಲೆ ಎಂಬ ಹಳೆಯ ನಂಬಿಕೆಯನ್ನು ನಮ್ಮ ನೆಲದ ಪುರಾವೆಯಿಂದಲೇ ಅಲುಗಿಸಿದ್ದು ಈ ಅಧ್ಯಯನದ ದೊಡ್ಡ ಗೆಲುವು.

ಆದರೆ ಈ ದಾಖಲೆ ಆಸ್ಪತ್ರೆ ತಲುಪಿದವರದ್ದು. ಬಂಡಳ್ಳಿಯ ಒಬ್ಬ ಕೂಲಿಯಾಳು ರಾತ್ರಿ ಎದೆ ಹಿಂಡಿದರೆ "ಗ್ಯಾಸು ಹಿಡ್ಕಂಡದ" ಎಂದು ಸೋಡಾ ಕುಡಿದು ಮಲಗುತ್ತಾನೆ. ಬೆಳಗಾಗುವುದರೊಳಗೆ ಜೀವ ಹೋದರೆ ಅವನ ಬೀಡಿ, ಕಡ್ಡಿಪುಡಿ, ಸಾಲ, ನಿದ್ದೆಗೆಟ್ಟ ದುಡಿಮೆ ಯಾವುದೂ ಯಾವ ಕಡತಕ್ಕೂ ಸೇರುವುದಿಲ್ಲ. ಕೊಳ್ಳೇಗಾಲ ದಾಟಿ, ಅಲ್ಲಿಂದ ಮತ್ತೆ ಮೈಸೂರಿಗೆ ಅರವತ್ತು ಕಿಲೋಮೀಟರ್ ಸಾಗಿ ಬದುಕಿ ಬಂದವನ ರೋಗಕ್ಕೂ ದಾರಿಯಲ್ಲೇ ಸತ್ತವನ ರೋಗಕ್ಕೂ ಒಂದೇ ಕಾರಣಗಳೆಂದು ಹೇಗೆ ಹೇಳುವುದು? ಬದುಕಿದವರ ಲೆಕ್ಕದಿಂದ ಸತ್ತವರ ರೋಗವನ್ನು ಊಹಿಸುವುದು ಸಂಶೋಧನೆಯ ಮಿತಿ ಮಾತ್ರವಲ್ಲ, ಅನ್ಯಾಯವೂ ಹೌದು.

ಆಸ್ಪತ್ರೆಯಲ್ಲಿ ಕಾಯದೆ ಊರಿನಲ್ಲೇ ಜನರನ್ನು ಹಿಂಬಾಲಿಸುವ ದಾರಿಯೂ ಇದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಆರೋಗ್ಯವಂತರಾಗಿದ್ದ 5,209 ಮಂದಿಯನ್ನು ಗುರುತಿಸಿ, ವರ್ಷಗಟ್ಟಲೆ ಅವರ ಹಿಂದೆ ಹೋಯಿತು. ಬಿಪಿ, ಕೊಲೆಸ್ಟರಾಲ್, ಸಿಗರೇಟುಗಳಿಗೂ ಹೃದಯಕ್ಕೂ ಇರುವ ನಂಟು ಗಟ್ಟಿಯಾದದ್ದು ಹಾಗೆ. 2014ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನ 17 ದೇಶಗಳ ಜನರನ್ನು ನೋಡಿ ಇನ್ನೊಂದು ಮಾತು ಹೇಳಿತು: ಬಡ ದೇಶಗಳಲ್ಲಿ ಅಪಾಯದ ಅಂಶಗಳು ಕಡಿಮೆ, ಸಾವು ಮಾತ್ರ ಹೆಚ್ಚು. ಹನೂರಿನಂಥ ತಾಲ್ಲೂಕಿಗೆ ಈ ಮಾತು ನೇರವಾಗಿ ತಾಕುತ್ತದೆ. ಇಲ್ಲಿ ಕೊಲ್ಲುವುದು ಕೊಬ್ಬಷ್ಟೇ ಅಲ್ಲ, ತಡವೂ ಹೌದು.

2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸರಣಿ ಸಾವುಗಳ ಸುದ್ದಿ ಹಬ್ಬಿ ಜನ ಗಾಬರಿಬಿದ್ದು ಮೈಸೂರಿನ ಜಯದೇವದ ಮುಂದೆ ಸಾಲುಗಟ್ಟಿದಾಗ, ಆಸ್ಪತ್ರೆ ತಲುಪದವರ ಲೆಕ್ಕವೇ ಇಲ್ಲದ ಕೊರತೆ ಬಯಲಾಯಿತು. ಆ ಸಾವುಗಳನ್ನು ಪರಿಶೀಲಿಸಿದ, ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಗಾಬರಿ ತಗ್ಗಿಸುವ ಕೆಲಸವನ್ನು ಚೆನ್ನಾಗಿ ಮಾಡಿತು. ಆದರೆ ಸಾವುಗಳು ನಿಜಕ್ಕೂ ಹೆಚ್ಚಿವೆಯೇ ಎಂದು ಹೇಳಬೇಕಾದರೆ ಹಿಂದಿನ ವರ್ಷಗಳಲ್ಲಿ ಮನೆಗಳಲ್ಲಿ ಆದ ಸಾವುಗಳ ಲೆಕ್ಕ ಇರಬೇಕು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಬೇಕೆಂದು ಸರ್ಕಾರ ಹೇಳಿದ್ದು ಆಗ. ಅಂಥ ಸಾವುಗಳ ಕಾರಣ ತಿಳಿಯಲು ಶವಪರೀಕ್ಷೆ ಮಾಡೋಣವೆಂದರೆ ಹಳ್ಳಿಯ ಮನೆಯವರು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಲಿ ಎಂದು ಒತ್ತಾಯಿಸುವುದೂ ಸರಿಯಲ್ಲ. ಅದಕ್ಕೆ ಬೇರೆ ದಾರಿ ಇದೆ. ಮನೆಯವರನ್ನು ಕೂರಿಸಿಕೊಂಡು ಕೇಳಿ ಸಾವಿನ ಕಾರಣ ಗುರುತಿಸುವ ಪದ್ಧತಿಯಿಂದಲೇ ನಮ್ಮ ದೇಶದಲ್ಲಿ ಹತ್ತು ಲಕ್ಷ ಸಾವುಗಳ ಅಧ್ಯಯನ ನಡೆದಿದೆ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಜಯದೇವದ ತಿಳಿವನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿದೆ. ಅಲ್ಲಿ ತೆಗೆದ ಇಸಿಜಿಯನ್ನು ತಜ್ಞರು ದೂರದಿಂದಲೇ ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವ ಔಷಧಿಯಾದ್ದರಿಂದ ಅಲ್ಲೇ ಉಚಿತವಾಗಿ ಕೊಡಬಹುದು. ನಾನು ಮನಸಾರೆ ಮೆಚ್ಚುವ ಕೆಲಸ ಇದು. ಆದರೆ ನೋವು ಶುರುವಾದ ಗಳಿಗೆಯಿಂದ ಸೂಜಿ ಚುಚ್ಚುವವರೆಗೆ ಎಲ್ಲೆಲ್ಲಿ ಹೊತ್ತು ಕಳೆಯಿತು ಎಂಬುದನ್ನೂ ಸಂಶೋಧನೆ ಅಳೆಯಬೇಕು. ಆ ಲೆಕ್ಕವನ್ನು ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳಿಂದ ಶುರುಮಾಡಲಿ. ಪ್ರತಿ ಮನೆಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಸರಿಯಾದ ಸಂಭಾವನೆ ಕೊಟ್ಟು, ಮೂವತ್ತು ದಾಟಿದವರನ್ನು ವರ್ಷಕ್ಕೊಮ್ಮೆ ನೋಡುತ್ತ ಹತ್ತು ವರ್ಷ ಬೆನ್ನುಹತ್ತಲಿ. ಜಯದೇವಕ್ಕೆ ತಜ್ಞರಿದ್ದಾರೆ, ಮೈಸೂರಿನಲ್ಲಿ ಶಾಖೆಯಿದೆ, ಜನರ ವಿಶ್ವಾಸವಿದೆ. ಇನ್ನು ಬೇಕಿರುವುದು ಇದಕ್ಕೆಂದೇ ಪ್ರತಿವರ್ಷ ಮೀಸಲಿಟ್ಟ ಹಣ.