ಒಂಬತ್ತು ಲಕ್ಷದ ಸಣ್ಣ ಕಾರು, ಕಂಪ್ಲಿಯ ರಸ್ತೆ

“ಒಂಬತ್ತು ಲಕ್ಷ ಸುರಿದು ಇಷ್ಟ್ ಸಣ್ಣ ಗಾಡಿ ತಂದೀಯಲ್ಲೋ ಅಳಿಯಾ, ಅದೇ ರೊಕ್ಕಕ್ಕ ಎತ್ತರದ ಗಾಡಿ ಬರ್ತಿತ್ತಲ್ಲ!”

2024ರ ಆಯುಧಪೂಜೆಗೆ ನನ್ನ ತಮ್ಮ ಮಾರುತಿ ಸುಜುಕಿ ಸ್ವಿಫ್ಟ್‌ನ ಟಾಪ್ ಮಾಡೆಲ್ ತಂದು ಕಂಪ್ಲಿಯ ಮನೆಮುಂದೆ ನಿಲ್ಲಿಸಿದಾಗ ಸೋದರಮಾವ ಆಡಿದ ಮೊದಲ ಮಾತು ಇದು. ಇದು ಮಾವನೊಬ್ಬರ ಮಾತಲ್ಲ. ಕಂಪ್ಲಿ, ಗಂಗಾವತಿ, ಹೊಸಪೇಟೆ ಕಡೆ ಯಾರೇ ಕಾರು ಕೊಳ್ಳಲು ಹೊರಟರೂ ಮನೆಯಲ್ಲಿ ಇದೇ ವಾದ ನಡೆಯುತ್ತದೆ: ಒಂದೇ ದುಡ್ಡಿಗೆ ಎಲ್ಲ ಸೌಲಭ್ಯ ತುಂಬಿದ ಸಣ್ಣ ಕಾರು ಒಳ್ಳೆಯದೋ, ಏನೂ ಇಲ್ಲದ ದೊಡ್ಡ ಕಾರು ಒಳ್ಳೆಯದೋ? ಆ ಕಾರನ್ನು ನಾನೂ ಬೇಸಿಗೆ, ಮಳೆ, ಸುಗ್ಗಿ ಮೂರೂ ಕಾಲದಲ್ಲಿ ಓಡಿಸಿದ್ದೇನೆ. ಹೊಸಪೇಟೆಗೆ, ಬಳ್ಳಾರಿಗೆ, ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಬಂದಿದ್ದೇನೆ. ಮಾವನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಬೆಲೆಯ ವಿಚಾರ. ನಮ್ಮ ದೇಶದಲ್ಲಿ ‘ಸಣ್ಣ ಕಾರು’ ಎಂಬುದು ಬರೀ ಕಣ್ಣಳತೆಯ ಮಾತಲ್ಲ, ತೆರಿಗೆಯ ಮಾತು. 2006ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಅವರು ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಅಲ್ಲಿಂದ ಕಂಪನಿಗಳೆಲ್ಲ ಆ ಗೆರೆಯೊಳಗೇ ಗಾಡಿ ಕೂರಿಸಲು ಹೊರಟವು. ಸ್ವಿಫ್ಟ್‌ನ ಉದ್ದ 3860 ಮಿಲಿಮೀಟರ್. ಜಿಎಸ್‌ಟಿ ಬಂದ ಮೇಲೆ ಇಂಥ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿಯಿತು. ನೂರಕ್ಕೆ ಹನ್ನೊಂದು ರೂಪಾಯಿ ಉಳಿಯಿತು ಎಂದು ಹಲವರು ತಿಳಿದಿದ್ದಾರೆ. ತೆರಿಗೆ ಸೇರಿದ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಉಳಿಯುವುದು ಎಂಟೂವರೆ ರೂಪಾಯಿ. ಅದೂ ಕಡಿಮೆಯೇನಲ್ಲ.

ತಮ್ಮ ಕೊಂಡಿದ್ದು ಹಳೆಯ ತೆರಿಗೆಯ ಕಾಲದಲ್ಲಿ. 2024ರ ಮೇ ತಿಂಗಳಲ್ಲಿ ಈ ಹೊಸ ಸ್ವಿಫ್ಟ್ ಬಂದಾಗ ಬೇಸ್ ಮಾಡೆಲ್ ಎಲ್‌ಎಕ್ಸ್‌ಐಗೆ ಷೋರೂಮ್ ಬೆಲೆ 6.49 ಲಕ್ಷ. ಜೆಡ್‌ಎಕ್ಸ್‌ಐಗೆ 8.29 ಲಕ್ಷ, ಅದರ ಮೇಲಿನ ಜೆಡ್‌ಎಕ್ಸ್‌ಐ ಪ್ಲಸ್‌ಗೆ 8.99 ಲಕ್ಷ. ಗೇರ್ ಹಾಕುವ ಕೆಲಸವಿಲ್ಲದ ಎಎಂಟಿ ಬೇಕೆಂದರೆ ಇನ್ನೂ ಐವತ್ತು ಸಾವಿರ. ಎಎಂಟಿ ಬಿಟ್ಟು ನೋಡಿದರೆ ತಳಕ್ಕೂ ತುದಿಗೂ ಎರಡೂವರೆ ಲಕ್ಷದ ಅಂತರ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 14, ಅಂದರೆ ಆ ಎರಡೂವರೆ ಲಕ್ಷಕ್ಕೇ ಮೂವತ್ತೈದು ಸಾವಿರ, ಸೆಸ್ ಬೇರೆ. ಸಾಲದಲ್ಲಿ ಕೊಂಡರೆ ಬಡ್ಡಿ ಇದ್ದೇ ಇದೆ. ನಮ್ಮಲ್ಲಿ ಕಂತು ಕಟ್ಟುವುದು ಭತ್ತದ ದುಡ್ಡಿನಲ್ಲಿ. ತುಂಗಭದ್ರಾ ಡ್ಯಾಮಿನ ನೀರು ಎರಡನೇ ಬೆಳೆಗೆ ಬಾರದ ವರ್ಷ ಕಂತು ಮಾತ್ರ ತಪ್ಪದೆ ಬರುತ್ತದೆ. ಹಾಗಾಗಿ ಮೂರು ಲಕ್ಷದ ಹತ್ತಿರದ ಈ ಅಂತರಕ್ಕೆ ಏನು ಸಿಗುತ್ತದೆ ಎಂದು ಬಿಡಿಬಿಡಿಯಾಗಿ ಕೇಳಲೇಬೇಕು.

ಜೀವ ಉಳಿಸುವ ವಿಷಯದಲ್ಲಿ ಏನೂ ಹೆಚ್ಚಿಗೆ ಸಿಗುವುದಿಲ್ಲ. ಇದು ಈ ಕಾರಿನ ದೊಡ್ಡ ಗುಣ. ಆರು ಏರ್‌ಬ್ಯಾಗ್, ಗಾಡಿ ಜಾರುವಾಗ ಒಂದೊಂದು ಚಕ್ರಕ್ಕೆ ಬೇರೆಬೇರೆ ಬ್ರೇಕ್ ಹಾಕಿ ಸಂಭಾಳಿಸುವ ಇಎಸ್‌ಪಿ, ಹಿಂದೆ ಕೂತ ಮೂವರಿಗೂ ಎದೆಯ ಮೇಲೆ ಹಾಯುವ ಬೆಲ್ಟ್, ಇವೆಲ್ಲ 6.49 ಲಕ್ಷದ ಮಾಡೆಲ್‌ನಲ್ಲೂ ಇದ್ದವು. ಹತ್ತು ವರ್ಷದ ಹಿಂದೆ ಏರ್‌ಬ್ಯಾಗ್ ಬೇಕೆಂದರೆ ಮೇಲಿನ ಮಾಡೆಲ್‌ಗೆ ಹೋಗಿ ಎನ್ನುತ್ತಿದ್ದರು. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಇಎಸ್‌ಪಿ ಯಾಕೆ ಬೇಕೆಂದು ವಿವರಿಸಬೇಕಿಲ್ಲ. ಅದಿರು ಲಾರಿಗಳಿಂದ ಉದುರಿದ ಕೆಂಪು ಧೂಳು ಟಾರಿನ ಮೇಲೆ ಪದರಗಟ್ಟಿರುತ್ತದೆ. ಮೊದಲ ಮಳೆಹನಿ ಬಿದ್ದ ಹತ್ತು ನಿಮಿಷಕ್ಕೆ ಆ ರಸ್ತೆ ಎಣ್ಣೆ ಸವರಿದಂತಾಗುತ್ತದೆ. ಅಂಥ ಒಂದು ಸಂಜೆ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಸರಿದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಮುಂದಿನ ಗಳಿಗೆಗೆ ಕಾರು ತಾನೇ ನೆಟ್ಟಗಾಗಿತ್ತು. ಮೀಟರಿನಲ್ಲಿ ಹಳದಿ ದೀಪವೊಂದು ಮಿಣುಕಿ ಆರಿತು.

ಆದರೆ ಏರ್‌ಬ್ಯಾಗ್ ಎಣಿಸಿದಷ್ಟಕ್ಕೇ ಕಾರು ಗಟ್ಟಿ ಎನ್ನಲಾಗದು. ಇದರ ಹಿಂದಿನ ಪೀಳಿಗೆಯ ಸ್ವಿಫ್ಟ್‌ಗೆ 2022ರಲ್ಲಿ ಕಾರುಗಳ ಡಿಕ್ಕಿ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟದ್ದು ಒಂದೇ ಸ್ಟಾರ್. ಹೊಸ ಸ್ವಿಫ್ಟ್‌ನ ಒಡಹುಟ್ಟಿನಂತಿರುವ ಡಿಸೈರ್‌ಗೆ 2024ರ ನವೆಂಬರ್‌ನಲ್ಲಿ ಅದೇ ಸಂಸ್ಥೆಯಿಂದ ಐದು ಸ್ಟಾರ್ ಬಂತು. ಇದು ನಿಜವಾದ ಸುಧಾರಣೆ, ಮೆಚ್ಚಬೇಕು. ಹಾಗೆಂದು ಡಿಸೈರ್‌ನ ಅಂಕವನ್ನು ಸ್ವಿಫ್ಟ್‌ನ ಅಂಕ ಎಂದು ಓದಬಾರದು. ಟಾಟಾ ಅಲ್ಟ್ರೋಜ್ 2020ರಲ್ಲೇ ಐದು ಸ್ಟಾರ್ ಪಡೆದ ಸಣ್ಣ ಕಾರು. ತಗಡಿನ ಗಟ್ಟಿತನವೇ ಮೊದಲು ಎನ್ನುವವರು ಅದನ್ನೂ ಓಡಿಸಿ ನೋಡಬೇಕು.

ಹಾಗಾದರೆ ಹೆಚ್ಚಿನ ದುಡ್ಡು ಎಲ್ಲಿ ಕೆಲಸಕ್ಕೆ ಬರುತ್ತದೆ? ನನ್ನ ಉತ್ತರ: ಮುಂದಿನ ದೀಪಗಳಲ್ಲಿ.

ಕಂಪ್ಲಿಯಿಂದ ರಾಮಸಾಗರ, ಬುಕ್ಕಸಾಗರ ಹಾದು ಕಮಲಾಪುರ ಸೇರುವ ರಸ್ತೆಯನ್ನು ಡಿಸೆಂಬರ್ ರಾತ್ರಿಯಲ್ಲಿ ನೆನಪಿಸಿಕೊಳ್ಳಿ. ಒಂದು ಬದಿ ಬಾಳೆ, ಇನ್ನೊಂದು ಬದಿ ಕಬ್ಬು. ಟಾರಿನ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ತಲೆಗಾತ್ರದ ಕಲ್ಲು ಸಾಲಿಟ್ಟಿರುತ್ತಾರೆ. ಪಕ್ಕದಲ್ಲೇ ಕಾವಲಿಗೆ ಯಾರೋ ಕೌದಿ ಹೊದ್ದು ಮಲಗಿರುತ್ತಾರೆ. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಟ್ರೇಲರ್‌ಗೆ ಕೆಂಪು ದೀಪ ಇಲ್ಲ, ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಇಲ್ಲಿ ಗಾಡಿ ಓಡಿಸುವವನಿಗೆ ಬೇಕಾದದ್ದು ದೂರದ ಕಲ್ಲು ಕಾಣುವ ಬೆಳಕು. ಸ್ವಿಫ್ಟ್‌ನಲ್ಲಿ ಎಲ್‌ಇಡಿ ಪ್ರೊಜೆಕ್ಟರ್ ದೀಪ ಬರುವುದು ಜೆಡ್‌ಎಕ್ಸ್‌ಐ ಮತ್ತು ಅದರ ಮೇಲಿನ ಮಾಡೆಲ್‌ಗೆ. ಕೆಳಗಿನವಕ್ಕೆ ಹ್ಯಾಲೊಜೆನ್. ಊರಿನ ಗೆಳೆಯನದು ಕೆಳಗಿನ ಮಾಡೆಲ್. ಒಂದೇ ರಾತ್ರಿ ಒಂದೇ ರಸ್ತೆಯಲ್ಲಿ ಎರಡನ್ನೂ ಓಡಿಸಿದೆ. ಹ್ಯಾಲೊಜೆನ್‌ನ ಹಳದಿ ಬೆಳಕಿನಲ್ಲಿ ಭತ್ತದ ರಾಶಿಯೂ ರಸ್ತೆಯೂ ಒಂದೇ ಬಣ್ಣ. ಬಿಳಿ ಬೆಳಕಿನಲ್ಲಿ ಕಲ್ಲಿನ ಸಾಲು ಒಂದೊಂದಾಗಿ ಎದ್ದು ನಿಲ್ಲುತ್ತದೆ, ಅದರ ಆಚೆ ಮಲಗಿದವನ ಕೌದಿಯ ಬಣ್ಣವೂ ತಿಳಿಯುತ್ತದೆ. ಕಂಪನಿ ಇದನ್ನು ಅಂದಚಂದದ ಪಟ್ಟಿಗೆ ಸೇರಿಸಿ ಮೇಲಿನ ಮಾಡೆಲ್‌ಗೆ ಮೀಸಲಿಟ್ಟಿದೆ. ನನಗೆ ಇದು ಬೆಲ್ಟ್, ಏರ್‌ಬ್ಯಾಗ್‌ಗಳ ಸಾಲಿಗೇ ಸೇರಬೇಕಾದ ವಸ್ತು. ಬೇಸ್ ಮಾಡೆಲ್‌ಗೆ ಕೊಡದಿರುವುದು ತಪ್ಪು.

ಕೆಳಗಿನ ಮಾಡೆಲ್ ಕೊಂಡು ಹೊರಗಡೆ ಬಿಳಿ ಬಲ್ಬ್ ಹಾಕಿಸುವವರಿದ್ದಾರೆ. ಹ್ಯಾಲೊಜೆನ್‌ಗೆಂದು ಮಾಡಿದ ದೀಪದ ಗೂಡಿನಲ್ಲಿ ಆ ಬಲ್ಬಿನ ಬೆಳಕು ಚೆದರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ದಯವಿಟ್ಟು ಹಾಕಿಸಬೇಡಿ.

ಎರಡನೆಯದು ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಿಂದಿನ ಸೀಟಿಗೆ ಪ್ರತ್ಯೇಕ ಎಸಿ ಕಿಂಡಿ ಮೇಲಿನ ಮಾಡೆಲ್‌ಗಳಲ್ಲಿದೆ. ಮುಂದೆ ಕೂತವರಿಗೆ ಇದರ ಬೆಲೆ ತಿಳಿಯದು. ಹಿಂದೆ ಕೂತ ಅವ್ವನಿಗೆ, ತೊಡೆ ಮೇಲಿನ ಮಗುವಿಗೆ ತಿಳಿಯುತ್ತದೆ. ಮಳೆಗಾಲದಲ್ಲಿ ಹಿಂದಿನ ಗಾಜಿಗೆ ಚಿಮ್ಮುವ ಕೆಸರನ್ನು ಒರೆಸುವ ವೈಪರ್ ಕೂಡ ಅಷ್ಟೇ ಉಪಯೋಗದ್ದು.

ಜೆಡ್‌ಎಕ್ಸ್‌ಐನಿಂದ ಪ್ಲಸ್‌ಗೆ ಏರಲು ಕೊಟ್ಟ ಎಪ್ಪತ್ತು ಸಾವಿರಕ್ಕೆ ಬಂದ ಮುಖ್ಯ ವಸ್ತುಗಳು ಒಂಬತ್ತು ಇಂಚಿನ ಪರದೆ ಮತ್ತು ಕ್ರೂಸ್ ಕಂಟ್ರೋಲ್. ಪರದೆಯಲ್ಲಿ ನಾವು ನೋಡುವುದು ಫೋನಿನ ಮ್ಯಾಪ್, ಕೇಳುವುದು ಹಾಡು. ಏಳು ಇಂಚಿನದರಲ್ಲೂ ಆ ಕೆಲಸ ನಡೆಯುತ್ತದೆ. ಕ್ರೂಸ್ ಕಂಟ್ರೋಲನ್ನು ಕಂಪ್ಲಿ ರಸ್ತೆಯಲ್ಲಿ ಒಮ್ಮೆಯೂ ಹಾಕಲಾಗಲಿಲ್ಲ. ಊರಿಗೊಂದು ಹಂಪ್, ಹಂಪಿನ ಆಚೆ ಕುರಿಹಿಂಡು. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಹಾಕಿದ್ದುಂಟು, ವರ್ಷಕ್ಕೆ ನಾಲ್ಕು ಸಲ. ಈ ಎಪ್ಪತ್ತು ಸಾವಿರ ವ್ಯರ್ಥ ಎಂಬುದು ತಮ್ಮನ ಎದುರಿಗೇ ನಾನು ಹೇಳಿದ ಮಾತು, ಅವನೂ ಒಪ್ಪಿದ್ದಾನೆ.

ಈಗ ಎಂಜಿನ್. ಹಿಂದಿನ ಸ್ವಿಫ್ಟ್‌ನ ನಾಲ್ಕು ಸಿಲಿಂಡರಿನ ಎಂಜಿನ್ 90 ಅಶ್ವಶಕ್ತಿಯದು. ಹೊಸದಕ್ಕೆ ಮೂರು ಸಿಲಿಂಡರ್, ಸುಮಾರು 82 ಅಶ್ವಶಕ್ತಿ. ಕಳೆದುಕೊಂಡ ಬಲಕ್ಕೆ ಪ್ರತಿಯಾಗಿ ಮೈಲೇಜ್ ಹೆಚ್ಚಿದೆ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 24.8 ಕಿಲೋಮೀಟರ್, ನಮಗೆ ಎಸಿ ಹಾಕಿ ಸಿಕ್ಕಿದ್ದು ಹತ್ತೊಂಬತ್ತು ಇಪ್ಪತ್ತು. ಭತ್ತದ ಬಯಲಿನಲ್ಲಿ ಈ ಕೊಡುಕೊಳ್ಳುವಿಕೆ ಲಾಭದ್ದೇ. ಐದು ಜನ ಕೂತು, ಎಸಿ ಹಾಕಿ, ಕುಮಾರಸ್ವಾಮಿ ಬೆಟ್ಟ ಹತ್ತುವಾಗ ಮಾತ್ರ ಎರಡನೇ ಗೇರ್ ಬಿಡುವಂತಿಲ್ಲ. ಎಂಜಿನ್ನಿನ ಗುರುಗುರು ಒಳಗೆ ಕೇಳುತ್ತದೆ. ಅಂಥ ತಿರುವಿನಲ್ಲಿ ಎಸಿ ಆರಿಸಿ ಹತ್ತಿಸಿದ್ದೇನೆ. ಒಂಬತ್ತು ಲಕ್ಷದ ಗಾಡಿಯಲ್ಲಿ ಹೀಗಾಗಬಾರದಿತ್ತು.

ಮಾವನ ವಾದಕ್ಕೆ ನಿಜವಾದ ಬಲ ಇರುವುದು ಎತ್ತರದಲ್ಲಿ. ಸ್ವಿಫ್ಟ್‌ನ ಹೊಟ್ಟೆ ನೆಲದಿಂದ 163 ಮಿಲಿಮೀಟರ್ ಎತ್ತರದಲ್ಲಿದೆ. ಕಾಲುವೆ ಏರಿಯ ಗಾಡಿಜಾಡಿನಲ್ಲಿ, ಐದು ಜನ ಕೂತಾಗ, ನಡುವಿನ ದಿಬ್ಬ ಹೊಟ್ಟೆಗೆ ಉಜ್ಜುತ್ತದೆ. ಅವ್ವನಿಗೆ ಮೊಣಕಾಲು ನೋವು, ಇಷ್ಟು ಕೆಳಗಿನ ಸೀಟಿನಿಂದ ಏಳಲು ಕೈ ಕೊಡಬೇಕು. ಪ್ರತಿದಿನ ಹೊಲಕ್ಕೇ ಹೋಗುವವರಿಗೆ ಈ ಕಾರು ಬೇಡ, ಇದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಎತ್ತರದ ಗಾಡಿ ನೀರು ದಾಟುತ್ತದೆ ಎಂಬ ನಂಬಿಕೆಯನ್ನು ಒಪ್ಪಲಾರೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಆಗ ಸಣ್ಣದು ದೊಡ್ಡದು ಎಲ್ಲವೂ ಬುಕ್ಕಸಾಗರ–ಕಡೇಬಾಗಿಲು ಸೇತುವೆಗೆ ಸುತ್ತುಹಾಕಬೇಕು.

ಅದೇ ರೊಕ್ಕಕ್ಕೆ ಬರುವ ದೊಡ್ಡ ಗಾಡಿಯನ್ನೂ ನೋಡಿದೆವು. ಬೇರೊಂದು ಕಂಪನಿಯದು, ಹೆಸರು ಬೇಡ. ಎತ್ತರವಿತ್ತು, ಜಾಗವಿತ್ತು. ದೀಪ ಹ್ಯಾಲೊಜೆನ್, ಹಿಂದೆ ಎಸಿ ಕಿಂಡಿ ಇಲ್ಲ, ಹಿಂದಿನ ಗಾಜಿಗೆ ವೈಪರ್ ಇಲ್ಲ. ಬೇಕಾದ್ದೆಲ್ಲ ಇರುವ ಅದರ ಮಾಡೆಲ್‌ಗೆ ಹೋದರೆ ಷೋರೂಮ್ ಬೆಲೆ ಹತ್ತು ಲಕ್ಷ ದಾಟುತ್ತಿತ್ತು. ಕರ್ನಾಟಕದಲ್ಲಿ ಆ ಗೆರೆ ದಾಟಿದರೆ ತೆರಿಗೆ ಶೇ 14ರಿಂದ 17ಕ್ಕೆ ಏರುತ್ತದೆ, ಅದೂ ಪೂರ್ತಿ ಬೆಲೆಗೆ. 9.9 ಲಕ್ಷದ ಗಾಡಿಗೂ 10.2 ಲಕ್ಷದ ಗಾಡಿಗೂ ಬೆಲೆಯ ಅಂತರ ಮೂವತ್ತು ಸಾವಿರ, ತೆರಿಗೆಯ ಅಂತರ ಅದಕ್ಕಿಂತ ಹೆಚ್ಚು, ಸುಮಾರು ಮೂವತ್ತೈದು ಸಾವಿರ. ಬೋಳು ದೊಡ್ಡ ಗಾಡಿ ಓಣಿಯಲ್ಲಿ ನಿಂತಾಗ ನೋಡಲು ಚೆನ್ನ. ರಾತ್ರಿ ಹೊಸಪೇಟೆ ಆಸ್ಪತ್ರೆಯಿಂದ ಮನೆಮಂದಿಯನ್ನು ಕರೆತರುವಾಗ ನನಗೆ ಬೇಕಾದದ್ದು ಆ ನೋಟವಲ್ಲ.

ಒಂದು ನೋವಿನ ಮಾತು. ಆರು ಏರ್‌ಬ್ಯಾಗ್ ಇರುವ ಕಾರಿನಲ್ಲಿ ನಮ್ಮವರು ಹಿಂದಿನ ಸೀಟಿನ ಬೆಲ್ಟನ್ನು ಸೀಟಿನ ಸಂದಿಗೆ ತುರುಕಿ ಕೂರುತ್ತಾರೆ. ಬೆಲ್ಟ್ ಇಲ್ಲದ ದೇಹ ಡಿಕ್ಕಿಯ ಹೊತ್ತಿಗೆ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಏರ್‌ಬ್ಯಾಗ್ ಉಬ್ಬಿದರೂ ಫಲವಿಲ್ಲ. ಹಾಗೆ ಕೂರುವುದಾದರೆ ಏರ್‌ಬ್ಯಾಗ್‌ಗೆಂದು ಕೊಟ್ಟ ದುಡ್ಡನ್ನು ನೀರಿಗೆ ಹಾಕಿದಂತೆ.

ನನ್ನ ತೀರ್ಪು ಇದು: ತುಂಬಿದ ಸಣ್ಣ ಕಾರಿಗೆ ಅದರ ಬೆಲೆ ಸಲ್ಲುತ್ತದೆ, ತುದಿಯ ಮಾಡೆಲ್‌ಗೆ ಸಲ್ಲುವುದಿಲ್ಲ. ಸ್ವಿಫ್ಟ್ ಕೊಳ್ಳುವುದಾದರೆ ಜೆಡ್‌ಎಕ್ಸ್‌ಐಗೆ ನಿಲ್ಲಿ. ಷೋರೂಮಿನವರು ಟೆಸ್ಟ್ ಡ್ರೈವ್‌ಗೆ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎನ್ನುತ್ತಾರೆ. ಕತ್ತಲಾದ ಮೇಲೆ ಬರುತ್ತೇವೆ ಎನ್ನಿ. ಮನೆಯ ಹಿರಿಯರನ್ನು ಹಿಂದೆ ಕೂರಿಸಿ, ಬೆಲ್ಟ್ ಹಾಕಿಸಿ, ದೀಪವಿಲ್ಲದ ಹಳ್ಳಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ.